ವಾರಾನ್ನದಿಂದ ಹಾಸ್ಟೆಲ್ ಮೆಸ್ಸಿನವರೆಗೆ: ಓದಲು ಹೋದವರ ಹೊಟ್ಟೆಯ ಕಥೆ

ನಾವು ಪತ್ರಿಕೆಗೆ ಸುದ್ದಿ ಕಳಿಸಲು ಶುರು ಮಾಡಿ ಹತ್ತು ವರ್ಷ ದಾಟಿತು. ಈ ಹತ್ತು ವರ್ಷದಲ್ಲಿ ಒಂದೇ ತಲೆಬರಹದ ಸುದ್ದಿಯನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕ ಇಟ್ಟಿಲ್ಲ. ‘ಹಾಸ್ಟೆಲ್ ಊಟ ಸೇವಿಸಿ ವಿದ್ಯಾರ್ಥಿಗಳು ಅಸ್ವಸ್ಥ’. ಎಷ್ಟು ಜನ, ಯಾವ ಆಸ್ಪತ್ರೆ, ಯಾವ ಅಧಿಕಾರಿ ಬಂದು ನೋಡಿದರು, ಅಡುಗೆಯವರಿಗೆ ನೋಟಿಸ್ ಕೊಟ್ಟರೇ ಇಲ್ಲವೇ. ನೂರೈವತ್ತು ಪದ, ಒಂದು ಫೋಟೊ. ಮಾರನೇ ದಿನ ಬೇರೆ ಸುದ್ದಿ.

ಹೋದ ಸಲ ಹೀಗೇ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆವು. ಮೊಮ್ಮಗನನ್ನು ನೋಡಲು ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು ಬೆಂಚಿನ ಮೇಲೆ ಕೂತಿದ್ದರು. ಎಂಬತ್ತು ದಾಟಿದ ವಯಸ್ಸು. ನಾವು ಫೋನಿನಲ್ಲಿ ಸುದ್ದಿ ಟೈಪ್ ಮಾಡುವುದನ್ನು ನೋಡಿ, “ಊಟ ಸರಿ ಇಲ್ಲ ಅನ್ನೋದು ನಿಮಗೆ ಸುದ್ದಿ ಕಣಪ್ಪಾ. ನಮ್ಮ ಕಾಲಕ್ಕೆ ಓದೋ ಹುಡುಗನಿಗೆ ಊಟ ಸಿಕ್ತು ಅನ್ನೋದೇ ಸುದ್ದಿ” ಅಂದರು. ಕಾಲೇಜು ಓದುವಾಗ ಅವರು ವಾರಾನ್ನ ಉಂಡವರಂತೆ. ಅವರ ಮಾತು ಕೇಳಿದ ಮೇಲೆ ನೂರೈವತ್ತು ಪದದಲ್ಲಿ ಮುಗಿಸುವುದು ಆಗಲಿಲ್ಲ. ಹಾಗಾಗಿ ಇದನ್ನು ಇಲ್ಲಿ ಬರೆಯುತ್ತಿದ್ದೇವೆ.

ಈಗ ವಿಶ್ವವಿದ್ಯಾಲಯಗಳಲ್ಲಿ ‘ವಿದ್ಯಾರ್ಥಿ ಕ್ಷೇಮ’ ಅಂತ ಒಂದು ವಿಭಾಗ ಇರುತ್ತದೆ. ಯೋಗ ದಿನ, ರಕ್ತದಾನ ಶಿಬಿರ, ಮಾನಸಿಕ ಆರೋಗ್ಯದ ಕಾರ್ಯಾಗಾರ ಎಲ್ಲವೂ ನಡೆಯುತ್ತವೆ. ನಾವೂ ಹೋಗಿ ಫೋಟೊ ತೆಗೆದು ಕಳಿಸುತ್ತೇವೆ. ಆದರೆ ನಮ್ಮ ನಾಡಿನಲ್ಲಿ ಕಾಲೇಜು ಹುಡುಗರ ಆರೋಗ್ಯದ ಕಥೆ ಶುರುವಾಗಿದ್ದು ಯಾವ ವಿಭಾಗದಿಂದಲೂ ಅಲ್ಲ, ಬೇರೆಯವರ ಮನೆಯ ಅಡುಗೆಮನೆಯಿಂದ.

ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಂಬ. ಮರುವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂತು. ಅದಕ್ಕೂ ಮೊದಲು ನಮ್ಮ ಉತ್ತರ ಕರ್ನಾಟಕದ ಹುಡುಗರು ಡಿಗ್ರಿ ಓದಬೇಕೆಂದರೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು.

ಹಳ್ಳಿಯಿಂದ ಹೋದ ಹುಡುಗ ಉಳಿಯುವುದೆಲ್ಲಿ? ಉಣ್ಣುವುದೇನು? ಹೋಟೆಲಿನಲ್ಲಿ ಉಣ್ಣುವಷ್ಟು ದುಡ್ಡು ಯಾರ ಹತ್ತಿರ ಇತ್ತು? ಆಗ ಇದ್ದ ದಾರಿ ವಾರಾನ್ನ. ಈಗಿನ ಮಕ್ಕಳಿಗೆ ಈ ಪದವೇ ಗೊತ್ತಿಲ್ಲ, ಸ್ವಲ್ಪ ಬಿಡಿಸಿ ಹೇಳಬೇಕು. ಪೇಟೆಯಲ್ಲಿ ಅನುಕೂಲವಾಗಿದ್ದ ಒಂದು ಮನೆಯವರು “ಸೋಮವಾರ ನಮ್ಮ ಮನೆಗೆ ಬಾ” ಅನ್ನುತ್ತಿದ್ದರು. ಮಂಗಳವಾರಕ್ಕೆ ಇನ್ನೊಂದು ಮನೆ. ಹೀಗೆ ಏಳು ಮನೆ ಹೊಂದಿಸಿಕೊಂಡರೆ ವಾರ ತುಂಬಿತು. ಐದೇ ಸಿಕ್ಕರೆ ಉಳಿದ ಎರಡು ದಿನ ಕಡಲೆಪುರಿ, ಇಲ್ಲವೇ ನೀರು.

ಆ ಮನೆಯಲ್ಲಿ ಸೂತಕ ಬಂದರೆ ಆ ವಾರ ಊಟ ಇಲ್ಲ. ಮನೆಯವರು ಮದುವೆಗೆ ಊರಿಗೆ ಹೋದರೆ ಇಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಬೇಗ ಬಡಿಸಿ ಅನ್ನಲು ಬಾಯಿ ಬರುವುದಿಲ್ಲ. ಇನ್ನೊಂದು ಸಾರು ಹಾಕಿ ಅನ್ನಲೂ ಬರುವುದಿಲ್ಲ. ತಾಯಿಯ ಹಾಗೆ ಬಡಿಸಿದವರು ಬಹಳ ಜನ ಇದ್ದರು, ಅವರನ್ನು ಉಂಡವರು ಸಾಯುವ ತನಕ ನೆನೆದಿದ್ದಾರೆ. ಉಣ್ಣಿಸಿದ್ದಕ್ಕೆ ನೀರು ಸೇದಿಸಿದ, ಸಂತೆಗೆ ಕಳಿಸಿದ ಮನೆಗಳೂ ಇದ್ದವು. ಆಸ್ಪತ್ರೆಯಲ್ಲಿ ಸಿಕ್ಕ ಮೇಷ್ಟ್ರಿಗೆ ಗುರುವಾರದ ಮನೆ ಬಿಟ್ಟುಹೋಗಿದ್ದು ಹೀಗೇ. “ಅವರು ಬೈಯಲಿಲ್ಲ. ನಾನು ಬಾಗಿಲಿಗೆ ಹೋದಾಗ ಆ ಮನೆ ಮಗು ಅಡುಗೆಮನೆಗೆ ಓಡಿ, ‘ಅಮ್ಮಾ, ಗುರುವಾರ ಬಂತು’ ಅಂತ ಕೂಗ್ತು. ನನ್ನ ಹೆಸರೇ ಗುರುವಾರ ಆಗಿಹೋಗಿತ್ತು. ಮಾರನೇ ವಾರದಿಂದ ಹೋಗಲಿಲ್ಲ” ಅಂದರು. ಆ ಮೇಲೆ ಡಿಗ್ರಿ ಮುಗಿಯುವವರೆಗೆ ಅವರ ಗುರುವಾರಗಳು ಖಾಲಿ.

ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಇದೆಲ್ಲ ಹೊಸದಲ್ಲ. ಚಿಕ್ಕ ವಯಸ್ಸಿಗೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡು, ವಾರಾನ್ನ ಉಂಡು, ಬೇಡಿ ಉಂಡು ಓದಿದವರು ಅವರು.

ಇಲ್ಲಿ ಒಂದು ಮಾತು ಬಿಡುವ ಹಾಗಿಲ್ಲ. ವಾರಾನ್ನ ಅಂದಾಗ ನಮ್ಮ ಹಿರಿಯರ ಕಣ್ಣು ಒದ್ದೆಯಾಗುತ್ತದೆ ನಿಜ. ಆದರೆ ಅದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ, ಅವರ ಜಾತಿಯವರ ಮನೆಗಳಲ್ಲೇ ಸಿಗುತ್ತಿದ್ದ ಊಟ. ಒಕ್ಕಲಿಗರ ಹುಡುಗನಿಗೆ, ಕುರುಬರ ಹುಡುಗನಿಗೆ ಮೈಸೂರಿನ ಅಗ್ರಹಾರದಲ್ಲಿ ಎಲೆ ಹಾಕುವವರು ಯಾರು? ದಲಿತ ಹುಡುಗ ಆ ಬೀದಿಗೇ ಕಾಲಿಡುವ ಹಾಗಿರಲಿಲ್ಲ. ಹೆಣ್ಣುಮಕ್ಕಳು ಏಳು ಮನೆ ತಿರುಗಿ ಉಂಡು ಓದುವ ಮಾತಂತೂ ಇಲ್ಲವೇ ಇಲ್ಲ. ಕಾಲೇಜಿನ ಬಾಗಿಲಲ್ಲಿ ಯಾರನ್ನೂ ತಡೆಯಬೇಕಾಗಿಯೇ ಇರಲಿಲ್ಲ. ಊಟದ ಬಾಗಿಲಲ್ಲೇ ಅರ್ಧ ನಾಡು ನಿಂತುಬಿಟ್ಟಿತ್ತು.

ಇದನ್ನು ಮೊದಲೇ ಕಂಡುಕೊಂಡವರು ಕೊಲ್ಹಾಪುರದ ದೊರೆ ಶಾಹು ಮಹಾರಾಜರು. ನಮ್ಮ ಬೆಳಗಾವಿಗೆ ನೆರೆಯ ಊರು ಅದು. ಬಡ್ತಿ ಕೊಡಿ, ಶುಲ್ಕ ಬಿಡಿ ಅಂದರೆ ಸಾಲದು, ಹಳ್ಳಿ ಹುಡುಗನಿಗೆ ಮೊದಲು ಮಲಗಲು ಜಾಗ ಮತ್ತು ಎರಡು ಹೊತ್ತು ಊಟ ಬೇಕು ಅನ್ನುವುದು ಅವರಿಗೆ ಹೊಳೆಯಿತು. 1901ರಲ್ಲಿ ಮರಾಠಾ ಬೋರ್ಡಿಂಗ್ ತೆರೆದರು. 1906ರಲ್ಲಿ ಮುಸ್ಲಿಂ ಹುಡುಗರಿಗೆ, 1908ರಲ್ಲಿ ಅಸ್ಪೃಶ್ಯರೆಂದು ದೂರ ಇಟ್ಟಿದ್ದವರ ಮಕ್ಕಳಿಗೆ ಮಿಸ್ ಕ್ಲಾರ್ಕ್ ಹಾಸ್ಟೆಲ್. ಜೈನರಿಗೆ, ಲಿಂಗಾಯತರಿಗೆ ಹೀಗೆ ಒಂದೊಂದಾಗಿ ಬೋರ್ಡಿಂಗುಗಳ ಊರೇ ಆಗಿಹೋಯಿತು ಕೊಲ್ಹಾಪುರ.

ಇತ್ತ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ತಮ್ಮ ಜಾತಿಯವರ ಬಹಿಷ್ಕಾರ ಉಂಡು ದಲಿತ ಮಕ್ಕಳಿಗೆ ಶಾಲೆ ನಡೆಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಕಟ್ಟಿದರು. ಕವಿ ಸಿದ್ಧಲಿಂಗಯ್ಯ ಆ ಹಾಸ್ಟೆಲಿನಲ್ಲಿ ಇದ್ದು ಓದಿದವರು. ಅವರ ‘ಊರುಕೇರಿ’ ಓದಿ, ನಗುತ್ತಾ ನಗುತ್ತಾ ಹಸಿವಿನ ಕಥೆ ಹೇಳುತ್ತಾರೆ. ಮೈಸೂರು ಸೀಮೆಯಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಇಂಥ ಸಂಘಗಳಿಗೆ ಹಾಸ್ಟೆಲ್ ಕಟ್ಟುವುದೇ ದೊಡ್ಡ ಕೆಲಸವಾಯಿತು. ಈಗ ನಾವು ‘ಜಾತಿ ಹಾಸ್ಟೆಲ್’ ಅಂತ ಮೂಗು ಮುರಿಯುತ್ತೇವೆ. ಮುರಿಯಬೇಕಾದ್ದೂ ಇದೆ. ಆದರೆ ಸರ್ಕಾರ ಹಾಸ್ಟೆಲ್ ಕಟ್ಟುವ ಎಷ್ಟೋ ವರ್ಷ ಮೊದಲು ಅನ್ನ ಹಾಕಿದ್ದು ಅವೇ.

ಮಠಗಳ ಮಾತು ಬೇರೆಯೇ ಹೇಳಬೇಕು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಕರ್ನಾಟಕ ಕಾಲೇಜಿಗೆ ನಡೆದು ಹೋದವರು ಆ ಕಡೆಯ ಎಷ್ಟು ಮನೆಗಳಲ್ಲಿ ಇದ್ದಾರೋ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತಾವೇ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. 1930ರಲ್ಲಿ ಕಾವಿ ತೊಟ್ಟರು. ಹಳ್ಳಿ ಹಳ್ಳಿ ತಿರುಗಿ ರಾಗಿ, ಭತ್ತ ಭಿಕ್ಷೆ ಎತ್ತಿ ತಂದು ಮಕ್ಕಳಿಗೆ ಹಾಕಿದರು. 2019ರಲ್ಲಿ ಅವರು ಹೋಗುವ ಹೊತ್ತಿಗೆ ಅಲ್ಲಿ ಸುಮಾರು 10 ಸಾವಿರ ಮಕ್ಕಳು, ಎಲ್ಲ ಜಾತಿಯವರು, ಒಂದೇ ಪಂಕ್ತಿಯಲ್ಲಿ. ನಮ್ಮ ಕಡೆ ಒಂದು ಪಲ್ಲ ರಾಗಿ ಮಠಕ್ಕೆ ಕೊಟ್ಟ ರೈತ ಯಾವ ವಿಶ್ವವಿದ್ಯಾಲಯವನ್ನೂ ನೋಡಿದವನಲ್ಲ. ವಿದ್ಯಾರ್ಥಿ ಕ್ಷೇಮದ ಖರ್ಚು ಕೊಟ್ಟವನು ಮಾತ್ರ ಅವನೇ.

ಎಚ್. ನರಸಿಂಹಯ್ಯನವರ ಕಥೆ ಎಲ್ಲರಿಗೂ ಗೊತ್ತು. ಗೌರಿಬಿದನೂರು ಹತ್ತಿರದ ಹೊಸೂರಿನಿಂದ, ಬಸ್ಸಿಗೆ ದುಡ್ಡಿಲ್ಲದೆ, ಬೆಂಗಳೂರಿಗೆ ನಡೆದೇ ಬಂದ ಹುಡುಗ. ಅಮೆರಿಕಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿಕೊಂಡು ಬಂದು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. 2005ರಲ್ಲಿ ತೀರಿಕೊಳ್ಳುವ ತನಕ ಅವರು ಇದ್ದದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ, ಹುಡುಗರ ನಡುವೆ. ಹಾಸ್ಟೆಲಿನಲ್ಲೇ ಬದುಕುವ ಮನುಷ್ಯನಿಗೆ ಅಲ್ಲಿಯ ಸಾರು ಹೇಗಿದೆ ಅಂತ ವರದಿ ತರಿಸಿ ನೋಡಬೇಕಾಗಿರುವುದಿಲ್ಲ.

ಹಾಗಾದರೆ ಊಟ ಒಂದಿದ್ದರೆ ಸಾಕೇ? ಇಲ್ಲ. ಅದಕ್ಕೆ ಕುವೆಂಪು ಅವರೇ ಸಾಕ್ಷಿ. ಕುಪ್ಪಳಿಯ ಅನುಕೂಲಸ್ಥ ಮನೆಯ ಹುಡುಗ, ಊಟಕ್ಕೆ ಕೊರತೆ ಇದ್ದವರಲ್ಲ. ಮಹಾರಾಜ ಕಾಲೇಜಿನಲ್ಲಿ ಓದುತ್ತಾ ಮೈಸೂರಿನಲ್ಲಿ ಕೋಣೆ ಹಿಡಿದು ಇದ್ದರು. ಅಲ್ಲಿ ಕಾಯಿಲೆ ಬಿದ್ದರು. ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಕೈಹಿಡಿದು ಆಶ್ರಮಕ್ಕೆ ಕರೆದುಕೊಂಡು ಹೋದರು. ಆಮೇಲೆ ವರ್ಷಗಟ್ಟಲೆ ಅಲ್ಲೇ ಇದ್ದರು, ಅಲ್ಲಿಂದಲೇ ಎಂ.ಎ. ಮುಗಿಸಿದರು, ಮೇಷ್ಟ್ರಾದರು. ‘ನೆನಪಿನ ದೋಣಿಯಲ್ಲಿ’ ಅವರು ಇದನ್ನೆಲ್ಲ ಬರೆದುಕೊಂಡಿದ್ದಾರೆ. ಆ ಸ್ವಾಮಿಗಳು ಕಾಲೇಜಿನ ಅಧಿಕಾರಿಯಲ್ಲ, ವಾರ್ಡನ್ ಅಲ್ಲ. ಒಬ್ಬ ಹುಡುಗ ಕಾಣಿಸುತ್ತಿಲ್ಲವಲ್ಲ, ಏನಾದ ಅಂತ ವಿಚಾರಿಸುವ ಮನುಷ್ಯ, ಅಷ್ಟೇ.

ನಾವು ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಪಕ್ಕದ ಕೋಣೆಯ ಹುಡುಗ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದ. ಊರಿಗೆ ಹೋಗಿದ್ದಾನೆ ಅಂದುಕೊಂಡು ನಾವ್ಯಾರೂ ಬಾಗಿಲು ತಟ್ಟಲಿಲ್ಲ. ಹಾಜರಾತಿ ಪುಸ್ತಕದಲ್ಲಿ ಅವನು ನಾಲ್ಕೂ ದಿನ ‘ಹಾಜರ್’ ಅಂತ ಇತ್ತು. ಐದನೇ ದಿನ ಕಸ ಗುಡಿಸಲು ಬಂದ ಅಮ್ಮ ವಾಸನೆ ನೋಡಿ ಬಾಗಿಲು ತಳ್ಳಿದಳು. ಟೈಫಾಯ್ಡ್. ಬದುಕಿದ. ಆದರೆ ಓದು ಬಿಟ್ಟು ಊರಿಗೆ ಹೋದ, ಮತ್ತೆ ಬರಲಿಲ್ಲ. ಗೋಡೆಯ ಆ ಕಡೆ ಇದ್ದವರು ನಾವೇ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಪರದೇಶದಲ್ಲಿ ಈ ಜವಾಬ್ದಾರಿಯನ್ನು ಕಾಲೇಜೇ ಹೊತ್ತುಕೊಂಡಿದ್ದು ಬಹಳ ಹಿಂದೆ. ಅಮೆರಿಕದ ಆಮ್ಹರ್ಸ್ಟ್ ಎಂಬ ಕಾಲೇಜಿನಲ್ಲಿ ಓದಿ ಓದಿ ಹುಡುಗರು ಸೊರಗುತ್ತಿದ್ದಾರೆ ಅಂತ ಚಿಂತೆ ಹತ್ತಿ, 1861ರಲ್ಲಿ ಎಡ್ವರ್ಡ್ ಹಿಚ್‌ಕಾಕ್ ಎಂಬ ಡಾಕ್ಟರನ್ನು ಪ್ರೊಫೆಸರ್ ಆಗಿಯೇ ನೇಮಿಸಿದರು. ಎತ್ತರ, ತೂಕ, ಎದೆಯ ಸುತ್ತಳತೆ ಅಳೆದು ಬರೆದಿಡುವುದು, ವ್ಯಾಯಾಮ ಮಾಡಿಸುವುದು ಅವರ ಕೆಲಸ. ನಮ್ಮ ದೇಶದಲ್ಲಿ ಶಾಲೆ ಮಕ್ಕಳನ್ನು ಡಾಕ್ಟರು ಪರೀಕ್ಷಿಸಿದ್ದು ಮೊದಲು ಬರೋಡದಲ್ಲಿ, 1909ರಲ್ಲಿ. ಕಾಲೇಜು ಹುಡುಗರನ್ನು ಕಲ್ಕತ್ತಾ ವಿಶ್ವವಿದ್ಯಾಲಯ 1920ರ ದಶಕದಲ್ಲಿ ಪರೀಕ್ಷೆ ಮಾಡಿಸುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಈ ಕಥೆಗೆ ಮೈಸೂರಿನ ಹಳೆಯ ಮೇಷ್ಟ್ರೊಬ್ಬರು ಬರುತ್ತಾರೆ. ಸರ್ವೆಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು. ಕಲ್ಕತ್ತೆಗೆ ಹೊರಟ ದಿನ ಹುಡುಗರು ಗಾಡಿಗೆ ಕಟ್ಟಿದ್ದ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಬಿಟ್ಟರು. ಆ ಕಥೆಯನ್ನು ಪ್ರತಿ ಸೆಪ್ಟೆಂಬರ್ 5ರಂದು ಭಾಷಣದಲ್ಲಿ ಕೇಳುತ್ತೇವೆ. ಭಾಷಣದಲ್ಲಿ ಬರದ ಕಥೆ ಮುಂದಿನದು.

1948ರಲ್ಲಿ ಭಾರತ ಸರ್ಕಾರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಮಾಡಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಮದ್ರಾಸಿನ ಹೆಸರಾಂತ ಡಾಕ್ಟರ್ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಕೂಡ ಅದರಲ್ಲಿದ್ದರು. 1949ರಲ್ಲಿ ವರದಿ ಬಂತು. ಅದರಲ್ಲಿ ವಿದ್ಯಾರ್ಥಿಗಳ ಕ್ಷೇಮಕ್ಕೇ ಒಂದು ಅಧ್ಯಾಯ ಇದೆ. ಸೇರುವಾಗ ಎಲ್ಲ ವಿದ್ಯಾರ್ಥಿಗಳಿಗೆ ಪುಕ್ಕಟೆ ವೈದ್ಯಕೀಯ ಪರೀಕ್ಷೆ, ಆಮೇಲೆ ವರ್ಷಕ್ಕೆ ಒಂದು ಸಲವಾದರೂ. ವಿಶ್ವವಿದ್ಯಾಲಯಕ್ಕೆ ಆಸ್ಪತ್ರೆ. ಹಾಸ್ಟೆಲಿನ, ಊಟದ ಮನೆಯ ಸ್ವಚ್ಛತೆಯನ್ನು ಆಗಾಗ ಹೋಗಿ ನೋಡಬೇಕು. ಇವೆಲ್ಲ ಇರಲಿ. ಇನ್ನೊಂದು ಸಾಲು ನೋಡಿ ನಾವು ಫೋನ್ ಕೆಳಗಿಟ್ಟೆವು. ಎಲ್ಲ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕೈಗೆಟುಕುವ ದರಕ್ಕೆ ಪೌಷ್ಟಿಕ ಮಧ್ಯಾಹ್ನದ ಊಟ ಕಡ್ಡಾಯವಾಗಬೇಕು ಅಂತ ಆಯೋಗ ಹೇಳಿತ್ತು. ಕಡ್ಡಾಯ. 1949ರಲ್ಲಿ.

ಆಯೋಗದ ವರದಿಯಿಂದಲೇ ಯುಜಿಸಿ ಹುಟ್ಟಿತು, ಅಧ್ಯಕ್ಷರು ರಾಷ್ಟ್ರಪತಿಗಳಾದರು, ಅವರ ಹುಟ್ಟುಹಬ್ಬ ಶಿಕ್ಷಕರ ದಿನವಾಯಿತು. ಮಧ್ಯಾಹ್ನದ ಊಟ ಮಾತ್ರ ಎಲ್ಲೋ ಕಳೆದುಹೋಯಿತು. ಈಗ ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಹತ್ತನೇ ತರಗತಿವರೆಗೆ ಬಿಸಿಯೂಟ ಇದೆ. ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ಅದು ನಿಲ್ಲುತ್ತದೆ. ಪಾಸಾದ ಮಗುವಿಗೆ ಹಸಿವಾಗುವುದಿಲ್ಲವೇನೋ.

ನಮ್ಮ ತಾಲ್ಲೂಕು ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಿಂತು ನೋಡಿ. ಒಳಗಿನ ಹಳ್ಳಿಗಳಿಂದ ಮೊದಲ ಬಸ್ಸಿಗೆ ಡಿಗ್ರಿ ಕಾಲೇಜಿನ ಹೆಣ್ಣುಮಕ್ಕಳು ಇಳಿಯುತ್ತಾರೆ. ಆ ಬಸ್ಸು ತಪ್ಪಿದರೆ ಮೊದಲ ಎರಡು ಪಿರಿಯಡ್ ಇಲ್ಲ. ಬೆಳಿಗ್ಗೆ ಉಂಡವರು ಎಷ್ಟು ಜನ ಅಂತ ನಾವು ಒಂದು ದಿನ ಕೇಳಿದೆವು. ನಕ್ಕರು. ಒಬ್ಬಳು “ಟೀ ಕುಡ್ದಿದ್ದೀವಿ ಸಾರ್” ಅಂದಳು. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಕ್ಲಾಸಿನಲ್ಲಿ ತಲೆಸುತ್ತಿ ಬಿದ್ದ ಹುಡುಗಿಗೆ ‘ವೀಕ್‌ನೆಸ್’ ಅನ್ನುತ್ತಾರಲ್ಲ, ಅದರ ಪೂರ್ತಿ ಹೆಸರು ಇದು.

ಸರ್ಕಾರ ಏನೂ ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ. 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದ ಮೇಲೆ, ಹಾವನೂರು ಆಯೋಗದ ಕಾಲದಲ್ಲಿ, ಹಿಂದುಳಿದ ವರ್ಗದವರ ಓದು ಸರ್ಕಾರದ ಕೆಲಸ ಅನ್ನುವುದು ಗಟ್ಟಿಯಾಯಿತು. ಹಾಸ್ಟೆಲ್ ಊರೂರಿಗೆ ಬಂತು. ನಮ್ಮ ತಲೆಮಾರಿನ ಎಷ್ಟೋ ಮಂದಿ, ಈ ಬ್ಲಾಗ್ ಬರೆಯುವ ಗೆಳೆಯರಲ್ಲೂ ಹಲವರು, ಆ ಹಾಸ್ಟೆಲಿನ ಮುದ್ದೆ ಉಂಡವರೇ. ಅಲ್ಲಿ ತಟ್ಟೆ ಹಿಡಿದು ನಿಲ್ಲುವಾಗ ಯಾರ ಮನೆಯ ಬಾಗಿಲೂ ತಟ್ಟಬೇಕಾಗಿರಲಿಲ್ಲ. ಸಾರು ನೀರಾಗಿದ್ದರೆ ವಾರ್ಡನ್ ಮುಂದೆ ತಟ್ಟೆ ಬಡಿದು ಕೇಳಬಹುದಿತ್ತು. ವಾರಾನ್ನಕ್ಕೂ ಹಾಸ್ಟೆಲಿಗೂ ನಮ್ಮ ಲೆಕ್ಕದಲ್ಲಿ ಇರುವ ದೊಡ್ಡ ವ್ಯತ್ಯಾಸ ಇದು: ಅಲ್ಲಿ ಋಣ, ಇಲ್ಲಿ ಹಕ್ಕು.

ಹಾಸ್ಟೆಲ್ ಸೀಟು ಸಿಗದವರಿಗೆ ‘ವಿದ್ಯಾಸಿರಿ’ ಬಂತು. ಕೋಣೆಗೂ ಊಟಕ್ಕೂ ಸೇರಿ ತಿಂಗಳಿಗೆ 1500 ರೂಪಾಯಿ ಅಂತ ಶುರುವಾಯಿತು. ದಿನಕ್ಕೆ 50 ರೂಪಾಯಿ. ಬಾಡಿಗೆ ಕಳೆದು ಉಳಿದಿದ್ದಕ್ಕೆ ಏನು ಬರುತ್ತದೆ ಅಂತ ಪೇಟೆಯಲ್ಲಿ ಕೋಣೆ ಮಾಡಿದವರನ್ನು ಕೇಳಿ.

ಈಚೆಗೆ ಮಾತು ಮನಸ್ಸಿನ ಆರೋಗ್ಯದ ಕಡೆ ತಿರುಗಿದೆ. ತಿರುಗಲೇಬೇಕಿತ್ತು. ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆ ಹೆಚ್ಚುತ್ತಿರುವುದನ್ನು ಕಂಡು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಮುಂದಾಳತ್ವದಲ್ಲಿ ಕಾರ್ಯಪಡೆ ಮಾಡಿತು. 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, ಅದರ ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ. ಮನೆಯಿಂದ ದೂರ ಇರುವ ಮಗನಿಗೋ ಮಗಳಿಗೋ ಇದನ್ನು ವಾಟ್ಸಾಪಿನಲ್ಲಿ ಕಳಿಸಿ, ನಮ್ಮ ಬರಹ ಕಳಿಸದಿದ್ದರೂ ಪರವಾಗಿಲ್ಲ.

ಆದರೆ ಹೊಟ್ಟೆ ಬೇರೆ, ಮನಸ್ಸು ಬೇರೆ ಅಂತ ನಮಗೆ ಅನ್ನಿಸುವುದಿಲ್ಲ. ‘ಗುರುವಾರ ಬಂತು’ ಅನ್ನಿಸಿಕೊಂಡು ಊಟ ಬಿಟ್ಟ ಮೇಷ್ಟ್ರಿಗೆ ನೋವಾಗಿದ್ದು ಯಾವುದರಲ್ಲಿ? ಆಸ್ಪತ್ರೆಯಲ್ಲಿ ಅವರ ಮೊಮ್ಮಗ ಚೇತರಿಸಿಕೊಂಡ ಮೇಲೆ ಮಾತಾಡಿಸಿದೆವು. ಸಾಂಬಾರಿನ ವಾಸನೆ ಬೇರೆ ಇದ್ದದ್ದು ಅವನಿಗೆ ಗೊತ್ತಾಗಿತ್ತಂತೆ. ಹೋದ ತಿಂಗಳು ಹೀಗೇ ದೂರು ಹೇಳಿದವನಿಗೆ “ನಿಮ್ಮನೇಲಿ ದಿನಾ ಹೋಳಿಗೆ ಮಾಡ್ತಿದ್ರಾ?” ಅಂತ ಕೇಳಿ ಎಲ್ಲರೆದುರು ನಗಿಸಿದ್ದರಂತೆ. ಅದಕ್ಕೆ ಸುಮ್ಮನೆ ಉಂಡ. ಆ ದಿನದ ಸುದ್ದಿಯಲ್ಲಿ ನಾವು ಕಳಿಸಿದ್ದು ‘ಕಲುಷಿತ ಆಹಾರ’ ಅಂತ ಮಾತ್ರ.

ಧಾರವಾಡದ ಕಡೆ ಇನ್ನೂ ಒಂದು ಪದ್ಧತಿ ಉಳಿದಿದೆ. ಕೋಣೆ ಮಾಡಿಕೊಂಡು ಓದುವ ಮಕ್ಕಳಿಗೆ ಊರಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಕಟ್ಟಿ, ಡಬ್ಬಿಯ ಮೇಲೆ ಹೆಸರು ಬರೆದು ಬೆಳಗಿನ ಬಸ್ಸಿಗೆ ಇಡುತ್ತಾರೆ. ಡ್ರೈವರ್, ಕಂಡಕ್ಟರ್ ಬೇಸರ ಮಾಡುವುದಿಲ್ಲ. ಹುಡುಗ ಸ್ಟ್ಯಾಂಡಿಗೆ ಬಂದು ಇಳಿಸಿಕೊಂಡು, ಹಿಂದಿನ ದಿನದ ಖಾಲಿ ಡಬ್ಬಿ ಅದೇ ಬಸ್ಸಿಗೆ ಹಾಕುತ್ತಾನೆ. ಆ ಕಡೆಗೆ ಮದುವೆಗೆ ಹೋದಾಗ ಒಂದು ಹಳ್ಳಿಯ ಸ್ಟಾಪಿನಲ್ಲಿ ಡಬ್ಬಿಗೆ ಕಾದು ನಿಂತಿದ್ದ ತಾಯಿಯನ್ನು ಮಾತಾಡಿಸಿದೆವು. ಬಸ್ಸು ಬಂತು, ಕಂಡಕ್ಟರ್ ಡಬ್ಬಿ ಕೊಟ್ಟ. ಆಕೆ ಮುಚ್ಚಳ ತೆಗೆಯಲಿಲ್ಲ, ಕೈಯಲ್ಲಿ ಎತ್ತಿ ತೂಗಿ ನೋಡಿದಳು.

“ಇವತ್ತೂ ಭಾರ ಐತ್ರಿ” ಅಂದು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಫೋನ್ ತೆಗೆದು ಮಗನಿಗೆ ಹಚ್ಚಿದಳು.